ಆಳದ ತೂತಿಗೆ ತ್ರೆಡ್: ಟ್ಯಾಪ್ ಒಳಗೇ ಮುರಿಯದ ಹಾಗೆ

ಮೊದಲು ಯೋಚಿಸಬೇಕಾದದ್ದು ಅಷ್ಟು ಆಳಕ್ಕೆ ತ್ರೆಡ್ ನಿಜಕ್ಕೂ ಬೇಕೇ ಎಂಬುದು. ಸಾಮಾನ್ಯ ಬೋಲ್ಟ್‌ಗೆ ಎಂಎಸ್‌ನಲ್ಲಿ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಮೆದು ಉಕ್ಕು) ಅದರ ವ್ಯಾಸದ ಒಂದೂವರೆ ಪಟ್ಟು, ಅಲ್ಯೂಮಿನಿಯಮ್‌ನಲ್ಲಿ ಎರಡು ಪಟ್ಟು ತ್ರೆಡ್ ಸಾಕು. ಎಂ8 (8 ಮಿಮೀ ವ್ಯಾಸದ) ಬೋಲ್ಟ್ ಆದರೆ 12 ಮತ್ತು 16 ಮಿಮೀ. ಅದಕ್ಕಿಂತ ಆಳಕ್ಕೆ ಹೋದರೆ ಹಿಡಿತ ಹೆಚ್ಚುವುದು ಅಷ್ಟಕ್ಕಷ್ಟೇ, ಟ್ಯಾಪ್ (ತೂತಿನೊಳಗೆ ತ್ರೆಡ್ ಕತ್ತರಿಸುವ ಉಪಕರಣ) ಮುರಿಯುವ ಅಪಾಯವಂತೂ ಖಂಡಿತ.

ಹಾಗಾಗಿ 50 ಮಿಮೀ ಆಳಕ್ಕೆ ಬೋಲ್ಟ್ ಇಳಿಯಬೇಕಿದ್ದರೂ ಕೆಳಗಿನ 15 ಮಿಮೀಗೆ ಮಾತ್ರ ತ್ರೆಡ್ ಹಾಕಿ. ಮೊದಲು 6.8 ಮಿಮೀ ಡ್ರಿಲ್ ಬಿಟ್‌ನಲ್ಲಿ ಪೂರ್ತಿ ಆಳ, ಆಮೇಲೆ ಮೇಲಿನ 35 ಮಿಮೀಯನ್ನು 8.4ಕ್ಕೆ ಅಗಲ ಮಾಡಿ. ಟ್ಯಾಪ್ ಆ ಅಗಲದ ಭಾಗದೊಳಗೆ ನೇರವಾಗಿ ಇಳಿದು ಕೆಳಗೆ ಮಾತ್ರ ಕತ್ತರಿಸುತ್ತದೆ. ಅರ್ಧಕ್ಕರ್ಧ ಕೆಲಸಗಳು ಇಲ್ಲೇ ಮುಗಿಯುತ್ತವೆ.

ಅಡ್ಜಸ್ಟ್‌ಮೆಂಟ್ ಸ್ಕ್ರೂನಂಥದ್ದಕ್ಕೆ ಉದ್ದಕ್ಕೂ ತ್ರೆಡ್ ಬೇಕೇ ಬೇಕು ಎಂದಾಗ ಮುಂದಿನ ಲೆಕ್ಕ. ಎಂಎಸ್ ತುಂಡಿನಲ್ಲಿ 30 ಮಿಮೀ ಆಳದ ಎಂ8 ತ್ರೆಡ್, ತಳ ಮುಚ್ಚಿದ ತೂತು ಎಂದಿಟ್ಟುಕೊಳ್ಳಿ.

ಎಂ8ರ ಪಿಚ್ (ಒಂದು ತ್ರೆಡ್‌ನಿಂದ ಮುಂದಿನದಕ್ಕೆ ಅಂತರ) 1.25 ಮಿಮೀ. ಟ್ಯಾಪ್–ಡ್ರಿಲ್ ಪಟ್ಟಿಯಲ್ಲಿರುವ 6.8 ಬಿಟ್ ಹಾಕಿದರೆ ತ್ರೆಡ್ಡಿನ ಎತ್ತರ ಪೂರ್ಣ ಎತ್ತರದ ಸುಮಾರು ಶೇ. 74, 6.9 ಹಾಕಿದರೆ ಶೇ. 68. ಆಳ ಇರುವಾಗ 68 ಧಾರಾಳ, ಟ್ಯಾಪ್ ಎಷ್ಟೋ ಹಗುರಾಗಿ ತಿರುಗುತ್ತದೆ. 7 ಮಿಮೀ ಕೂಡ ನಡೆದೀತು, ಆದರೆ ಗೇಜ್ ಹಾಕಿ ನೋಡುವ ಕೆಲಸಕ್ಕೆ ಬೇಡ. ತೂತಿನ ಆಳ 30 ಅಲ್ಲ: ಮೂರರ ಸೆಟ್‌ನಲ್ಲಿ ಕೊನೆಗೆ ಹಾಕುವ ಮೂರನೇ ಟ್ಯಾಪಿನ ತುದಿಯ ಇಳಿಜಾರಿಗೆ ಎರಡು ಸುತ್ತು ಅಂದರೆ 2.5 ಮಿಮೀ, ಚಿಪ್ (ಕತ್ತರಿಸಿದ ಲೋಹದ ಚೂರು) ಬಿದ್ದಿರಲು 5 ಮಿಮೀ, ಒಟ್ಟು 38. ಬಿಟ್ ಮೊನೆಯ 2 ಮಿಮೀ ಇದರ ಮೇಲೆ.

ಟ್ಯಾಪ್ ಕೊಳ್ಳುವಾಗ ಕ್ಯಾಲಿಪರ್ ಜೊತೆಗಿರಲಿ. ಮುಂಬೈಯ ನಾಗದೇವಿ ಸ್ಟ್ರೀಟ್ ಇರಲಿ, ಪುಣೆಯ ರವಿವಾರ ಪೇಠೆಯ ಬೋಹರಿ ಆಳಿ ಇರಲಿ, ಸುಮ್ಮನೆ ‘ಎಂ8 ಸೆಟ್’ ಎಂದರೆ ಸಾಮಾನ್ಯವಾಗಿ ಮೂರು ಟ್ಯಾಪಿನ ಹ್ಯಾಂಡ್ ಸೆಟ್ ಕೈಗೆ ಬರುತ್ತದೆ. ತ್ರೆಡ್ ಇರುವ ಭಾಗ ಸುಮಾರು 22 ಮಿಮೀ, ಅದರ ಹಿಂದೆ ಸಣ್ಣ ಕುತ್ತಿಗೆ, ಆಮೇಲೆ 8 ಮಿಮೀ ದಪ್ಪದ ಶ್ಯಾಂಕ್ (ಹಿಡಿಯುವ ದಂಡು). ಈ ದಪ್ಪ ಭಾಗ 6.9 ತೂತಿನೊಳಗೆ ಹೋಗುವುದಿಲ್ಲ. 30 ಮಿಮೀಗೆ ಕುತ್ತಿಗೆಯಿಂದಾಗಿ ಹೇಗೋ ನಿಭಾಯಿಸಬಹುದು. ಇನ್ನೂ ಆಳಕ್ಕೆ ಡಿನ್ 376 (ಜರ್ಮನ್ ಮಾನಕ) ಮಾದರಿಯ ಟ್ಯಾಪ್ ಕೇಳಿ: 90 ಮಿಮೀ ಉದ್ದ, ಶ್ಯಾಂಕ್ 6 ಮಿಮೀ, ತ್ರೆಡ್ಡಿನ ಹಿಂದೆಯೇ ಒಳಗಿಳಿಯುತ್ತದೆ. ಆಚೆಗೆ ಹಾಯುವ ತೂತಿಗೆ ಗನ್ ಟ್ಯಾಪ್ ಸರಿ, ಚಿಪ್ಪನ್ನು ಮುಂದಕ್ಕೆ ತಳ್ಳುತ್ತದೆ. ತಳ ಮುಚ್ಚಿದ ತೂತಿಗೆ ಅದನ್ನು ಹಾಕಿದರೆ ಚಿಪ್ ಕೆಳಗೆ ಗಟ್ಟಿಯಾಗಿ ತುರುಕಿಕೊಳ್ಳುತ್ತದೆ. ಅಲ್ಲಿ ಚಿಪ್ಪನ್ನು ಮೇಲಕ್ಕೆ ತರುವ ಸ್ಪೈರಲ್ ಫ್ಲೂಟ್ (ಸುರುಳಿಯಾದ ಕಾಲುವೆಗಳಿರುವ) ಟ್ಯಾಪ್ ಬೇಕು.

ಡ್ರಿಲ್ಲಿಂಗ್‌ಗೆ ಸೆಂಟರ್ ಪಂಚ್, ಚಿಕ್ಕ ಸೆಂಟರ್ ಡ್ರಿಲ್, ಆಮೇಲೆ ನೇರ 6.9. ಮಧ್ಯೆ 3 ಮಿಮೀ, 5 ಮಿಮೀ ಎಂದು ಪೈಲಟ್ ಹಾಕಬೇಡಿ. ಸಣ್ಣ ಬಿಟ್ ಆಳದಲ್ಲಿ ಬಾಗಿ ದಾರಿ ತಪ್ಪುತ್ತದೆ, ದೊಡ್ಡದು ಅದನ್ನೇ ಹಿಂಬಾಲಿಸುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ಗೆ ಎಂಎಸ್‌ನಲ್ಲಿ ಸುಮಾರು 1000 ಆರ್‌ಪಿಎಂ, ಸ್ಟೇನ್‌ಲೆಸ್‌ನಲ್ಲಿ ಅದರ ಅರ್ಧ. ಮೊದಲ 20 ಮಿಮೀ ಒಂದೇ ಸಮ ಹೋಗಬಹುದು. ಅಲ್ಲಿಂದ ಮುಂದೆ ಪ್ರತಿ 5 ಮಿಮೀಗೆ ಬಿಟ್ಟನ್ನು ಪೂರ್ತಿ ಹೊರಗೆ ತೆಗೆದು ಬ್ರಶ್‌ನಲ್ಲಿ ಚಿಪ್ ಒರೆಸಿ, ಎಣ್ಣೆ ಹಾಕಿ. ಸುರುಳಿ ಎರಡೂ ಫ್ಲೂಟಿನಿಂದ ಸಮನಾಗಿ ಬರಬೇಕು. ಒಂದೇ ಕಡೆಯಿಂದ ಬಂದರೆ ಬಿಟ್ ಸಾಣೆ ಓರೆಯಾಗಿದೆ, ತೂತು ದೊಡ್ಡದಾಗುತ್ತದೆ. ಕೀಚಲು ಸದ್ದು ಬಂದರೆ, ಚಿಪ್ ನೀಲಿಯಾದರೆ ನಿಲ್ಲಿಸಿ. ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತುವವರಿದ್ದಾರೆ, ಅದು ಜಾರುತ್ತದೆ. ಬಿಟ್ ಮೇಲೆ ಅಳತೆಗೆ ಕತ್ತರಿಸಿದ ತಾಮ್ರದ ಪೈಪ್ ತುಂಡು ಏರಿಸಿದರೆ ಚಕ್‌ಗೆ ತಾಗಿ ಅಲ್ಲೇ ನಿಲ್ಲುತ್ತದೆ.

ತುಂಡನ್ನು ಕೈಯಲ್ಲಿ ಹಿಡಿಯಬೇಡಿ, ವೈಸ್‌ನಲ್ಲಿ ಬಿಗಿಯಿರಿ. ವೈಸ್ ಟೇಬಲ್‌ಗೆ ಬೋಲ್ಟ್ ಆಗದಿದ್ದರೆ ಅದರ ಎಡ ತುದಿ ಮೆಷಿನ್ ಕಂಬಕ್ಕೆ ತಾಗಿರಲಿ. ಬಿಟ್ ಕಚ್ಚಿದಾಗ ತಿರುಗಿ ಬಂದು ಕಂಬಕ್ಕೇ ಒರಗುತ್ತದೆ, ನಿಮ್ಮ ಹೊಟ್ಟೆಗಲ್ಲ. ಗ್ಲೌಸ್ ಬೇಡ, ಕನ್ನಡಕ ಬೇಕು.

ತೂತಿನ ಬಾಯಿಗೆ 8.5 ಮಿಮೀವರೆಗೆ ಕೌಂಟರ್‌ಸಿಂಕ್ (ಅಂಚಿಗೆ ಇಳಿಜಾರು) ಕೊಡಿ. ತುಂಡನ್ನು ಬಿಚ್ಚದೆ, ಮೆಷಿನ್ ಪ್ಲಗ್ ಕಿತ್ತು, ಟ್ಯಾಪನ್ನು ಚಕ್‌ನಲ್ಲೇ ಹಿಡಿದು ಕೈಯಿಂದ ಮೂರು–ನಾಲ್ಕು ಸುತ್ತು ತಿರುಗಿಸಿದರೆ ನೆಟ್ಟಗೆ ಕಚ್ಚುತ್ತದೆ. ಆಮೇಲೆ ಟ್ಯಾಪ್ ಹ್ಯಾಂಡಲ್, ಅದೂ ಚಿಕ್ಕದು. ಉದ್ದನೆಯ ಹ್ಯಾಂಡಲ್‌ನಲ್ಲಿ ಬಿಗಿತ ಕೈಗೆ ಗೊತ್ತಾಗುವ ಮೊದಲೇ ಟ್ಯಾಪ್ ತುಂಡಾಗಿರುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಚಿಪ್ ಕಡಿದದ್ದು ಬೆರಳಿಗೆ ‘ಟಿಕ್’ ಎಂದು ತಿಳಿಯುತ್ತದೆ. ಅದು ಬರುವವರೆಗೆ ಮುಂದೆ ಹೋಗಬೇಡಿ. ಪ್ರತಿ 5 ಮಿಮೀಗೆ ಪೂರ್ತಿ ಹೊರತೆಗೆದು ಟ್ಯಾಪನ್ನೂ ತೂತನ್ನೂ ಶುಚಿ ಮಾಡಿ. ಸ್ಪೈರಲ್ ಫ್ಲೂಟಿಗೆ ಮಾತ್ರ ಈ ಹಿಂದೆ–ಮುಂದೆ ಬೇಡ, ಒಂದೇ ಸಮ ತಿರುಗಿಸಿ.

ಎಂಎಸ್‌ಗೆ ಗಂಧಕ ಬೆರೆತ ಕಟಿಂಗ್ ಆಯಿಲ್. ಎಂಜಿನ್ ಆಯಿಲ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಬೇರೇನೂ ಇಲ್ಲದಿದ್ದರೆ ಸಾಸಿವೆ ಎಣ್ಣೆ ಅದಕ್ಕಿಂತ ವಾಸಿ. ಅಲ್ಯೂಮಿನಿಯಮ್‌ಗೆ ಸೀಮೆ ಎಣ್ಣೆ, ಬೀಡು ಕಬ್ಬಿಣ ಮತ್ತು ಹಿತ್ತಾಳೆಗೆ ಒಣಗೇ ಸಾಕು.

ಟ್ಯಾಪ್ ಸಿಕ್ಕಿಹಾಕಿಕೊಂಡರೆ ಜೋರು ಮಾಡದೆ, ಎಣ್ಣೆ ಬಿಟ್ಟು ಆಚೀಚೆ ಕೂದಲೆಳೆಯಷ್ಟು ಅಲ್ಲಾಡಿಸುತ್ತಾ ಬಿಡಿಸಿ. ಮುರಿದೇ ಹೋದರೆ ಅದರ ಮೇಲೆ ಡ್ರಿಲ್ ಹಾಕುವುದು ವ್ಯರ್ಥ, ಎಚ್‌ಎಸ್‌ಎಸ್ ಟ್ಯಾಪ್ ನಿಮ್ಮ ಬಿಟ್‌ನಷ್ಟೇ ಗಟ್ಟಿ. ತುಂಡು ಅಲ್ಯೂಮಿನಿಯಮ್ ಆದರೆ ಕಿರಾಣಿ ಅಂಗಡಿಯ ಪಟಿಕ (ಮುಂಬೈ–ಪುಣೆಯಲ್ಲಿ ತುರಟಿ ಎಂದು ಕೇಳಿ) ಬಿಸಿನೀರಿನಲ್ಲಿ ಕರಗುವಷ್ಟೂ ಕರಗಿಸಿ, ಅದರಲ್ಲಿ ಮುಳುಗಿಸಿ ಬಿಸಿಯಾಗಿಡಿ. ಉಕ್ಕು ನಿಧಾನಕ್ಕೆ ಕರಗುತ್ತದೆ, ಅಲ್ಯೂಮಿನಿಯಮ್ ಬಹುತೇಕ ಹಾಗೇ ಉಳಿಯುತ್ತದೆ. ದಿನಗಳೇ ಹಿಡಿಯಬಹುದು. ಆ ತುಂಡಿನಲ್ಲಿ ಬೇರೆ ಉಕ್ಕಿನ ಭಾಗ ಇದ್ದರೆ ಮೊದಲೇ ತೆಗೆಯಿರಿ. ತುಂಡೇ ಉಕ್ಕಾದರೆ ಪುಣೆ ಬಳಿಯ ಭೋಸರಿ ಕಡೆಯ ಸ್ಪಾರ್ಕ್ ಇರೋಶನ್ (ವಿದ್ಯುತ್ ಕಿಡಿಯಿಂದ ಲೋಹ ಸುಡುವುದು) ಮಾಡುವ ಶೆಡ್‌ಗೆ ಒಯ್ಯಿರಿ. ಟ್ಯಾಪ್ ಸೈಜ್ ಹೇಳಿದರೆ ನಡುವಿನ ತಿರುಳನ್ನಷ್ಟೇ ಸುಡುತ್ತಾರೆ, ಹಲ್ಲುಗಳು ಸಡಿಲವಾಗಿ ಉದುರುತ್ತವೆ, ತ್ರೆಡ್ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ ತಳದಲ್ಲಿ ಎಣ್ಣೆ ನಿಲ್ಲಲು ಬಿಡಬೇಡಿ. ಎಣ್ಣೆ ತುಂಬಿದ ಮುಚ್ಚಿದ ತೂತಿಗೆ ಬೋಲ್ಟ್ ಬಿಗಿದರೆ ಒತ್ತಡಕ್ಕೆ ಬೀಡಿನ ಎರಕ ಸೀಳಿಬಿಡಬಹುದು. ಬಟ್ಟೆ ಮುಚ್ಚಿ ಗಾಳಿ ಊದಿ, ಒರೆಸಿ. ಮಳೆಗಾಲದಲ್ಲಾದರೆ, ಅದರಲ್ಲೂ ಮುಂಬೈಯ ಹವೆಗೆ, ತೆಳುವಾಗಿ ಎಣ್ಣೆ ಸವರಿದ ಬೋಲ್ಟೊಂದನ್ನು ಅವತ್ತೇ ತಿರುಗಿಸಿಡಿ.