ಮಂಡಕ್ಕಿ ನೀಲಿ ಆಗುತ್ತದೆ, ಹತ್ತಿ ಯಾಕೆ ಆಗಲ್ಲ? ಮನೆಯಲ್ಲೇ ನೋಡಿ

ಕಾರ್ಬೋಹೈಡ್ರೇಟ್ ಪಾಠ ಅಂದರೆ ಷಟ್ಕೋನ ಬರೆದು ಬಾಯಿಪಾಠ ಮಾಡೋದು ಅಂತಲೇ ಆಗಿಬಿಟ್ಟಿದೆ. ಅದನ್ನು ಪಕ್ಕಕ್ಕಿಡಿ. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಮನೆ ಇಲ್ಲ, ಒಂದು ಹಿಡಿ ತಗೊಳ್ಳಿ. ಒಗ್ಗರಣೆ ಹಾಕಿದ್ದು ಬೇಡ, ಅರಿಶಿನದ ಬಣ್ಣ ಗೊಂದಲ ಮಾಡುತ್ತದೆ. ಜೊತೆಗೆ ಸ್ವಲ್ಪ ಹತ್ತಿ, ಒಂದು ಚಿಟಿಕೆ ಸಕ್ಕರೆ. ಮೆಡಿಕಲ್ ಶಾಪಿನಿಂದ ಗಾಯಕ್ಕೆ ಹಾಕುವ ಪೊವಿಡೋನ್ ಅಯೋಡಿನ್ ತನ್ನಿ, ಮುಲಾಮಲ್ಲ, ನೀರಿನ ಹಾಗಿರುವುದು. ನಾಲ್ಕು ಚಮಚ ನೀರಿಗೆ ಏಳೆಂಟು ಹನಿ ಹಾಕಿದರೆ ಹಾಲಿಲ್ಲದ ಟೀ ಬಣ್ಣ ಬರುತ್ತದೆ, ಅಷ್ಟು ಸಾಕು.

ಮಂಡಕ್ಕಿ ನೆನೆಸಿ, ಹಿಂಡಿ, ಅದರ ಮೇಲೆ ಒಂದು ಹನಿ ಬಿಡಿ. ಕಣ್ಣೆದುರೇ ಕಡುನೀಲಿ, ಹೆಚ್ಚು ಕಡಿಮೆ ಕಪ್ಪು. ಸಕ್ಕರೆ ಮೇಲೆ ಬಿಟ್ಟರೆ ಏನೂ ಆಗುವುದಿಲ್ಲ. ಹತ್ತಿ ಮೇಲೂ ಅಷ್ಟೇ, ಬರೀ ಕಂದು.

ಮಜಾ ಇರೋದು ಇಲ್ಲೇ. ಮಂಡಕ್ಕಿಯ ಪಿಷ್ಟ, ಹತ್ತಿಯ ಸೆಲ್ಯುಲೋಸ್, ಎರಡೂ ಗ್ಲೂಕೋಸಿನ ಸರವೇ! ಒಂದೊಂದು ಮಣಿ ಅಂದರೆ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ಪೋಣಿಸುವಾಗ ಪ್ರತಿ ಗಂಟಿಗೆ ಒಂದು ನೀರಿನ ಅಣು ಹೊರಗೆ ಹೋಗುತ್ತದೆ. ಪಿಷ್ಟದಲ್ಲಿ ಗಂಟು ಆಲ್ಫಾ ರೀತಿಯದು, ಅದಕ್ಕೇ ಅಮೈಲೋಸ್ ಎಂಬ ಸರ ಸ್ಪ್ರಿಂಗಿನಂತೆ ಸುತ್ತಿಕೊಳ್ಳುತ್ತದೆ, ಅಯೋಡಿನ್ ಆ ಸುರುಳಿಯೊಳಗೆ ಹೋಗಿ ಕೂತಾಗಲೇ ನೀಲಿ. ಸೆಲ್ಯುಲೋಸಿನಲ್ಲಿ ಗಂಟು ಬೀಟಾ, ಒಂದು ಮಣಿ ಬಿಟ್ಟು ಒಂದು ಮಗುಚಿಕೊಂಡಿರುತ್ತದೆ, ಹಾಗಾಗಿ ಸರ ನೆಟ್ಟಗೆ ನಿಲ್ಲುತ್ತದೆ, ಪಕ್ಕಪಕ್ಕದ ಸರಗಳು ಹೈಡ್ರೋಜನ್ ಬಂಧದಿಂದ ಅಂಟಿಕೊಂಡು ಗಟ್ಟಿ ಎಳೆ ಆಗುತ್ತವೆ. ಒಂದು ಕಾಲಕ್ಕೆ ನಮ್ಮೂರಿನ ಮಿಲ್ಲುಗಳು ನಡೆದದ್ದೇ ಈ ಎಳೆಯಿಂದ. ಮೆಕ್ಕೆಜೋಳದ ಕಾಳು ನಮಗೆ, ದಂಟು ಹಸುವಿಗೆ ಅಂತ ಹಂಚಿಕೆ ಆಗಿರುವುದಕ್ಕೂ ಇದೇ ಕಾರಣ: ಬೀಟಾ ಗಂಟು ಬಿಚ್ಚುವ ಕಿಣ್ವ ನಮ್ಮಲ್ಲಿಲ್ಲ, ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿ ಇದೆ.

ಒಂದು ಎಚ್ಚರಿಕೆ. ನಾನು ಮೊದಲ ಸಲ ಹತ್ತಿ ಬದಲು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಪಂಚೆಯ ಅಂಚಿಗೆ ಹನಿ ಹಾಕಿದೆ, ಅದು ಚೆನ್ನಾಗಿ ನೀಲಿಯಾಯಿತು. ಸಿದ್ಧಾಂತವೇ ತಪ್ಪು ಅಂದುಕೊಂಡು ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಪಂಚೆಗೆ ಗಂಜಿ ಹಾಕಿದ್ದರು!

ಇನ್ನೊಂದು ಮಾಡಿ ನೋಡಿ. ತೆಳು ಅನ್ನದ ಗಂಜಿ ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಒಂದು ಚಮಚ ಎಂಜಲು ಸೇರಿಸಿ. ಗಂಜಿ ಉಗುರುಬೆಚ್ಚಗಿರಲಿ, ಕುದಿಯುತ್ತಿದ್ದರೆ ಎಂಜಲಿನಲ್ಲಿರುವ ಪಿಷ್ಟ ಕತ್ತರಿಸುವ ಕಿಣ್ವ, ಅಮೈಲೇಸ್, ಕೆಟ್ಟುಹೋಗುತ್ತದೆ. ಕಾಲು ಗಂಟೆ ಬಿಟ್ಟು ಎರಡಕ್ಕೂ ಅಯೋಡಿನ್ ಹಾಕಿ. ಎಂಜಲು ಸೇರಿದ್ದು ಪೇಲವವಾಗಿರುತ್ತದೆ, ಪಿಷ್ಟ ತುಂಡಾಗಿ ಮಾಲ್ಟೋಸ್ ಎಂಬ ಸಕ್ಕರೆ ಆಗಿರುತ್ತದಲ್ವಾ. ಮಂಡಕ್ಕಿಯನ್ನು ಸುಮ್ನೆ ಜಾಸ್ತಿ ಹೊತ್ತು ಅಗಿದರೆ ಸಿಹಿಯಾಗುವುದೂ ಇದರಿಂದಲೇ.

ಅಯೋಡಿನ್ ಹಾಕಿದ್ದನ್ನು ಬಾಯಿಗೆ ಹಾಕಬೇಡಿ, ಬಟ್ಟಲು ಬೇರೆ ಇಡಿ. ಬಟ್ಟೆ ಮೇಲೆ ಬಿದ್ದರೆ ನಿಂಬೆಹಣ್ಣು ಹಿಂಡಿ ಉಜ್ಜಿ, ಅದರ ವಿಟಮಿನ್ ಸಿ ಅಯೋಡಿನ್ನಿನ ಬಣ್ಣ ತೆಗೆಯುತ್ತದೆ. ನನ್ನ ಪಂಚೆ ಉಳಿದದ್ದೂ ಹಾಗೇ.