ಜಗಲಿಗೆ ದೀಪವಿರುವ ಫ್ಯಾನ್: ಕರಾವಳಿಯ ಹಂಚಿನ ಮನೆಯಲ್ಲಿ ನನ್ನ ಅನುಭವ

ಕುಂದಾಪುರದ ಹತ್ತಿರ, ಕಡಲಿನಿಂದ ಹೆಚ್ಚು ದೂರವಿಲ್ಲದ ನಮ್ಮ ಹಂಚಿನ ಮನೆಯ ಜಗಲಿಗೆ ಗಾಳಿ ಮತ್ತು ಬೆಳಕು ಎರಡನ್ನೂ ಕೊಡುವ ಒಂದು ಫ್ಯಾನ್ ಬೇಕೆಂದು ತೀರ್ಮಾನಿಸಿದ ಮೇಲೆ, ಅಂಗಡಿಗೆ ಹೋಗುವ ಮೊದಲು ಜಗಲಿಯನ್ನೇ ಒಂದು ಮಳೆಗಾಲವಿಡೀ ಗಮನಿಸಿದೆ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಜಗಲಿಯನ್ನು ಮನೆಯ ಒಳಗಿನ ಕೋಣೆಯಂತೆ ಎಣಿಸುವಂತಿಲ್ಲ. ಪಡುವಣ ಗಾಳಿ ಜೋರಾದ ದಿನ ಎರಚಲು ಎಲ್ಲಿಯವರೆಗೆ ಬರುತ್ತದೆ, ನೆಲದ ಯಾವ ಭಾಗ ಸಂಜೆಯವರೆಗೂ ಆರುವುದಿಲ್ಲ, ಗೋಡೆಯ ಯಾವ ಮೊಳೆಗೆ ಮೊದಲು ತುಕ್ಕು ಹಿಡಿಯುತ್ತದೆ ಎಂಬುದನ್ನು ನೋಡಿದರೆ ಫ್ಯಾನ್ ತೂಗುವ ಜಾಗ ತಾನಾಗಿ ಗೊತ್ತಾಗುತ್ತದೆ. ನಮ್ಮಲ್ಲಿ ಅದು ಬಾಗಿಲಿನ ನೇರಕ್ಕಿಂತ ತುಸು ಬಲಕ್ಕೆ, ಕುರ್ಚಿಗಳನ್ನು ಹಾಕುವ ಜಾಗದ ಮೇಲೆ ಬಂತು.

ಮುಂದಿನ ಕೆಲಸ ಅಳತೆ. ಜಗಲಿಯ ಅಗಲ ಎಂಟು ಅಡಿ; ಮಾಡು, ಅಂದರೆ ಹಂಚಿನ ಚಾವಣಿ, ಗೋಡೆಯ ಬದಿಯಲ್ಲಿ ಹನ್ನೆರಡು ಅಡಿ ಎತ್ತರದಲ್ಲಿದ್ದು ಹೊರಅಂಚಿನಲ್ಲಿ ಎಂಟು ಅಡಿಗೆ ಇಳಿಯುತ್ತದೆ, ಅಂದರೆ ನಡುವೆ ಹತ್ತು ಅಡಿ. ಇಳಿಜಾರಿನ ಮಾಡಿಗೆ ಫ್ಯಾನ್ ಆರಿಸುವವರು ಈ ಲೆಕ್ಕವನ್ನು ಬಿಡಲೇಬಾರದು. 1200 ಮಿ.ಮೀ. ಫ್ಯಾನಿನ ರೆಕ್ಕೆಯ ತುದಿ ನಡುವಿನಿಂದ ಎರಡು ಅಡಿ ದೂರದಲ್ಲಿರುತ್ತದೆ. ನಮ್ಮ ಮಾಡು ಎರಡು ಅಡಿ ಹೋಗುವಷ್ಟರಲ್ಲಿ ಒಂದು ಅಡಿ ಇಳಿಯುತ್ತದೆ. ರೆಕ್ಕೆಗೂ ಮಾಡಿಗೂ ನಡುವೆ ಇನ್ನೊಂದು ಅಡಿ ಖಾಲಿ ಬಿಡದಿದ್ದರೆ ಮೇಲಿನಿಂದ ಗಾಳಿ ಸರಿಯಾಗಿ ಸೇರದೆ ಫ್ಯಾನ್ ಸದ್ದು ಮಾಡುತ್ತದೆಯೇ ಹೊರತು ಗಾಳಿ ಕೊಡುವುದಿಲ್ಲ. ಹೀಗಾಗಿ ರೆಕ್ಕೆಗಳು ಮಾಡಿನಿಂದ ಎರಡು ಅಡಿ ಕೆಳಗೆ, ನೆಲದಿಂದ ಎಂಟು ಅಡಿ ಮೇಲೆ ಬಂದವು. ಅದರ ಕೆಳಗಿನ ದೀಪದ ಬಟ್ಟಲು ಏಳಡಿ ನಾಲ್ಕು ಇಂಚಿನಲ್ಲಿ ನಿಂತಿತು. ದೀಪವಿಲ್ಲದ ಫ್ಯಾನಿಗೆ ರೆಕ್ಕೆಯ ಎತ್ತರ ನೋಡಿದರೆ ಸಾಕು, ದೀಪವಿರುವುದಕ್ಕೆ ಬಟ್ಟಲಿನ ತಳವನ್ನೂ ಅಳೆಯಬೇಕು. ಪೆಟ್ಟಿಗೆಯೊಳಗೆ ಬಂದ ರಾಡ್ ಗಿಡ್ಡವಾಗಿದ್ದರಿಂದ ಅದೇ ಕಂಪನಿಯ ಉದ್ದದ ರಾಡನ್ನು ಬೇರೆಯಾಗಿ ತರಿಸಿದೆವು.

ಹಂಚಿನ ಮಾಡಿನಲ್ಲಿ ಫ್ಯಾನನ್ನು ಪಕ್ಕಾಸಿಗೆ, ಅಂದರೆ ಮಾಡಿನ ಇಳಿಜಾರಿನ ಮರದ ತೊಲೆಗೆ, ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಪಕ್ಕಾಸು ಹಂಚಿನ ಭಾರ ಹೊರಲು ಇರುವುದು. ತಿರುಗುವ ಯಂತ್ರದ ನಡುಕವನ್ನು ಅದಕ್ಕೆ ಕೊಟ್ಟರೆ ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳ ಮೇಲೆ ಹಂಚು ಸರಿಯಲು ಶುರುವಾಗುತ್ತದೆ. ನಾವು ಗೋಡೆಯಿಂದ ಕಂಬದವರೆಗೆ ಒಂದು ಕಬ್ಬಿಣದ ಪೈಪನ್ನು ಮಾಡಿನ ಇಳಿಜಾರಿಗೆ ಸರಿಯಾಗಿ ಅಡ್ಡ ಹಾಕಿಸಿ, ಅದಕ್ಕೆ ಹುಕ್ಕನ್ನು ವೆಲ್ಡ್ ಮಾಡಿಸಿ, ಮೇಲೆ ರೆಡ್ ಆಕ್ಸೈಡ್ ಬಳಿಸಿದೆವು. ಜಗಲಿಯಲ್ಲಿ ಸ್ವಿಚ್ ಹಾಕದಿದ್ದಾಗಲೂ ಹೊರಗಿನ ಗಾಳಿಗೆ ರೆಕ್ಕೆ ತಿರುಗುತ್ತಿರುತ್ತದೆಯಾದ್ದರಿಂದ, ನಟ್ಟಿನ ತುದಿಯ ಪಿನ್ನನ್ನು ಮಡಚಿದ್ದಾರೆಯೇ ಎಂದು ಏಣಿ ಹತ್ತಿ ನಾನೇ ನೋಡಿದೆ.

ಅಂಗಡಿಯಲ್ಲಿ ನನ್ನ ಮೊದಲ ಪ್ರಶ್ನೆ ರೆಕ್ಕೆ ಯಾವುದರದ್ದು ಎಂಬುದಾಗಿತ್ತು. ದೀಪವಿರುವ ಅಲಂಕಾರದ ಫ್ಯಾನುಗಳಲ್ಲಿ ಮರದ ಬಣ್ಣದ ರೆಕ್ಕೆಗಳೇ ಹೆಚ್ಚು. ಅವುಗಳಲ್ಲಿ ಹಲವು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗಳು. ತೇವ ಹೀರಿ ಉಬ್ಬಿದ ರೆಕ್ಕೆ ತುದಿಯಲ್ಲಿ ಜೋಲುತ್ತದೆ, ಒಂದು ರೆಕ್ಕೆ ಜೋತರೂ ಫ್ಯಾನ್ ಓಲಾಡುತ್ತದೆ. ಉಕ್ಕಿನ ರೆಕ್ಕೆಗೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಉಪ್ಪುಗಾಳಿ ಅಂಚಿನಿಂದ ಒಳಗೆ ಇಳಿಯುತ್ತದೆ. ಕೊನೆಗೆ ಉಳಿದವು ಅಲ್ಯೂಮಿನಿಯಂ ಮತ್ತು ಎಬಿಎಸ್ ಪ್ಲಾಸ್ಟಿಕ್. ನಾನು ಅಲ್ಯೂಮಿನಿಯಂ ತೆಗೆದುಕೊಂಡು, ರೆಕ್ಕೆಯ ಸ್ಕ್ರೂಗಳನ್ನು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಾಯಿಸಿದೆ.

ನೀರಿನ ವಿಷಯದಲ್ಲಿ ನಂಬಬೇಕಾದದ್ದು ಐಪಿ ಸಂಖ್ಯೆಯನ್ನು. ಐಪಿ44 ಎಂದಿದ್ದರೆ ಮೊದಲ ಅಂಕೆ ಧೂಳು ಮೊದಲಾದ ಘನವಸ್ತುಗಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ನೀರಿನ ನಾಲ್ಕು ಎಂದರೆ ಯಾವ ದಿಕ್ಕಿನಿಂದ ಸಿಡಿದ ಹನಿಯನ್ನೂ ತಡೆಯುತ್ತದೆ ಎಂದರ್ಥ. ಸಾಮಾನ್ಯ ಸೀಲಿಂಗ್ ಫ್ಯಾನಿನ ಮೇಲೆ ಈ ಸಂಖ್ಯೆ ಇರುವುದು ಅಪರೂಪ, ಅದಿಲ್ಲದ ಫ್ಯಾನನ್ನು ಎರಚಲು ಮುಟ್ಟುವ ಜಾಗಕ್ಕೆ ಹಾಕಬಾರದು. ಅಮೆರಿಕದಲ್ಲಿರುವ ನಮ್ಮವರಿಗೆ ಈ ಆಯ್ಕೆ ಸುಲಭ: ಅಲ್ಲಿ ಮಾಡಿನಡಿಯ ತೇವದ ಜಾಗಕ್ಕೆ ‘ಡ್ಯಾಂಪ್’, ನೇರ ಮಳೆ ಬೀಳುವ ಜಾಗಕ್ಕೆ ‘ವೆಟ್’ ಎಂದು ಫ್ಯಾನಿನ ಮೇಲೆಯೇ ನಮೂದಿಸಿರುತ್ತಾರೆ. ಆದರೆ ಅಲ್ಲಿನ ಫ್ಯಾನ್ 120 ವೋಲ್ಟಿನದಾದ್ದರಿಂದ ಊರಿಗೆ ತಂದುಕೊಟ್ಟರೂ ಪ್ರಯೋಜನವಿಲ್ಲ.

ಮೋಟಾರಿನ ಬಗ್ಗೆ ಮನೆಯಲ್ಲಿ ಬಹಳ ಚರ್ಚೆ ನಡೆಯಿತು. ಬ್ರಷ್ ಇಲ್ಲದ ಡಿಸಿ ಮೋಟಾರಿನ, ಅಂದರೆ ಬಿಎಲ್‌ಡಿಸಿ, ಫ್ಯಾನ್ 30 ವ್ಯಾಟಿನ ಆಸುಪಾಸು ವಿದ್ಯುತ್ ಬಳಸಿದರೆ ಹಳೆಯ ಬಗೆಯ ಮೋಟಾರು 75 ವ್ಯಾಟಿನಷ್ಟು ಬಳಸುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಪಟ್ಟಿ ಕಡ್ಡಾಯವಾಗಿರುವುದರಿಂದ ಈ ಹೋಲಿಕೆ ಈಗ ಯಾರಿಗೂ ಕಷ್ಟವಲ್ಲ. ರಾತ್ರಿಯಿಡೀ ಓಡುವ ಮಲಗುವ ಕೋಣೆಗೆ ಬಿಎಲ್‌ಡಿಸಿಯೇ ಸರಿ, ನಮ್ಮಲ್ಲೂ ಅದೇ ಇದೆ. ಜಗಲಿಯ ಫ್ಯಾನ್ ದಿನಕ್ಕೆ ಆರು ಗಂಟೆ ಓಡಿದರೂ ಉಳಿತಾಯ ತಿಂಗಳಿಗೆ ಎಂಟು ಯೂನಿಟ್ಟು ಮಾತ್ರ. ಬಿಎಲ್‌ಡಿಸಿಯೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ತೇವಕ್ಕೂ, ಮಳೆ ಹಿಡಿಯುವ ಮುಂಚಿನ ಮತ್ತು ಹಿಂಗಾರಿನ ಸಿಡಿಲಿಗೂ ಮೊದಲು ಸಿಗುವುದು ಅದೇ. ಹಳೆಯ ಬಗೆಯ ಮೋಟಾರಿನಲ್ಲಿ ಕೆಟ್ಟರೆ ಸಾಮಾನ್ಯವಾಗಿ ಕೆಪಾಸಿಟರ್ ಅಥವಾ ಬೇರಿಂಗ್, ಎರಡನ್ನೂ ಪೇಟೆಯ ಯಾವ ಇಲೆಕ್ಟ್ರಿಷಿಯನ್ ಬೇಕಾದರೂ ಸರಿಮಾಡುತ್ತಾರೆ. ಆದ್ದರಿಂದ ಜಗಲಿಗೆ ಹಳೆಯ ಬಗೆಯದನ್ನೇ ಆರಿಸಿದೆ. ಇನ್ವರ್ಟರ್ ಮೇಲೆ ಜಗಲಿಯ ಫ್ಯಾನನ್ನೂ ಓಡಿಸಬೇಕೆನ್ನುವವರ ಲೆಕ್ಕ ಬೇರೆಯಾದೀತು. ಅವರು ಬಿಎಲ್‌ಡಿಸಿ ಹಾಕುವಾಗ ಹಳೆಯ ರೆಗ್ಯುಲೇಟರನ್ನು ಕಡ್ಡಾಯವಾಗಿ ತೆಗೆಸಬೇಕು.

ಇನ್ನು ದೀಪ. ನನ್ನ ಮಟ್ಟಿಗೆ ಇಡೀ ಆಯ್ಕೆಯಲ್ಲಿ ಹೆಚ್ಚು ಯೋಚನೆ ಬೇಡುವುದು ಇದೇ, ಏಕೆಂದರೆ ಎಲ್‌ಇಡಿ ದೀಪ ಫ್ಯಾನಿನಷ್ಟು ವರ್ಷ ಬಾಳುವುದನ್ನು ನಾನು ನೋಡಿಲ್ಲ. ದೀಪವನ್ನು ಒಳಗೇ ಬೆಸೆದಿರುವ ಮಾದರಿಯಲ್ಲಿ ಅದು ಹೋದರೆ ಅದೇ ಕಂಪನಿಯ ಅದೇ ತಟ್ಟೆ ಸಿಗಬೇಕು. ಆ ಮಾದರಿ ಮಾರುಕಟ್ಟೆಯಿಂದ ಹೋಗಿದ್ದರೆ ಒಳ್ಳೆಯ ಫ್ಯಾನಿನ ಕೆಳಗೆ ಕತ್ತಲೆಯ ಬಟ್ಟಲು ಉಳಿಯುತ್ತದೆ. ಹಾಗಾಗಿ ಮಾಮೂಲಿ ಹೋಲ್ಡರ್ ಇದ್ದು, 9 ವ್ಯಾಟಿನ ಬಲ್ಬು ಕೂರುವ ಮಾದರಿಯನ್ನೇ ಹುಡುಕಿದೆ. ಬಲ್ಬಿನ ಬಣ್ಣ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯದು. 6500 ಕೆಲ್ವಿನ್ನಿನ ಬಿಳಿ ಬೆಳಕಿಗೆ ನೀಲಿ ಅಂಶ ಹೆಚ್ಚಿರುವುದರಿಂದ ಹುಳಗಳು ಹೆಚ್ಚು ಬರುತ್ತವೆ, ಮೊದಲ ಮಳೆಯ ಸಂಜೆ ಹಾತೆಗಳು ಎದ್ದಾಗ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬಟ್ಟಲಿನ ಬಾಯಿಗೆ ರಬ್ಬರ್ ಸುತ್ತು ಇದೆಯೇ ಎಂದೂ ನೋಡಬೇಕು, ಇಲ್ಲದಿದ್ದರೆ ವಾರದೊಳಗೆ ತಳದಲ್ಲಿ ಹುಳಗಳ ರಾಶಿ ಬೀಳುತ್ತದೆ. ದೀಪ ರೆಕ್ಕೆಗಳಿಗಿಂತ ಕೆಳಗಿರುವುದರಿಂದ ಓದುವಾಗ ನೆರಳು ಮಿಣುಕುವುದಿಲ್ಲ. ಗೋಡೆಯಲ್ಲಿ ಎತ್ತರಕ್ಕೆ ಹಾಕಿದ ಹಳೆಯ ಬಲ್ಬಿಗೂ ಫ್ಯಾನಿಗೂ ಈ ತೊಂದರೆ ಬರುತ್ತಿದ್ದುದರಿಂದ ಆ ಬಲ್ಬನ್ನು ತೆಗೆಸಿದೆವು.

ವೈರಿಂಗಿನಲ್ಲಿ ಫ್ಯಾನಿಗೊಂದು, ದೀಪಕ್ಕೊಂದು ಬೇರೆ ಫೇಸ್ ತಂತಿ ಎಳೆಸಿ, ಎರಡು ಸ್ವಿಚ್ ಹಾಕಿಸಿದೆ. ರಿಮೋಟ್ ಇದ್ದರೆ ಒಂದೇ ತಂತಿ ಸಾಕು ಎನ್ನುತ್ತಾರೆ, ಅದು ನಿಜವೂ ಹೌದು, ಆದರೆ ವಯಸ್ಸಾದ ಅಮ್ಮನಿಗೆ ಕತ್ತಲಲ್ಲಿ ಕೈಗೆ ಸಿಗುವುದು ಗೋಡೆಯ ಸ್ವಿಚ್ಚು. ಅರ್ತ್ ತಂತಿಯನ್ನು ಫ್ಯಾನಿನ ಮೈಗೂ ಅಡ್ಡ ಪೈಪಿಗೂ ಕೊಡಿಸಿ, ಜಗಲಿಯ ಸರ್ಕ್ಯೂಟನ್ನು ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚಾದ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಅಡಿಗೆ ತಂದೆವು. ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ರೆಕ್ಕೆಗಳ ಮೇಲೆ ಕುಳಿತ ಉಪ್ಪನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಟ್ಟಲು ಬಿಚ್ಚಿ ರಬ್ಬರ್ ಸುತ್ತು ಬಿರಿದಿದ್ದರೆ ಹೊಸದನ್ನು ಹಾಕುತ್ತೇನೆ.