ಊರಿನ ಲೈಬ್ರರಿ ಊರವರ ಕೈಗೆ: ಮೊದಲು ಎಣಿಕೆ, ಬಣ್ಣ ಆಮೇಲೆ

ಪುಣೆಯಲ್ಲಿ ನಮ್ಮ ಕಡೆಯವರು ನಾಲ್ಕು ಜನ ಸೇರಿದರೆ ಸಾಕು, ‘ಊರಿನ ಲೈಬ್ರರಿಗೆ ಏನಾದರೂ ಮಾಡಬೇಕು’ ಅನ್ನುವ ಮಾತು ಬಂದೇ ಬರುತ್ತದೆ. ಒಬ್ಬರು ಪುಸ್ತಕ ಕೊಡುತ್ತೇನೆ ಅನ್ನುತ್ತಾರೆ, ಇನ್ನೊಬ್ಬರು ಬಣ್ಣ ಹೊಡೆಸುತ್ತೇನೆ ಅನ್ನುತ್ತಾರೆ. ಎರಡೂ ಕೊನೆಗೆ ಮಾಡುವ ಕೆಲಸ. ನಾನು ಇಲ್ಲಿಯ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿ ರಿಟೈರ್ ಆದವಳು, ತವರು ಇಂಡಿ ತಾಲ್ಲೂಕು. ನಮ್ಮೂರಿನ ಲೈಬ್ರರಿಯ ಉಸ್ತುವಾರಿ ಊರವರ ಸಮಿತಿಗೆ ಬರುವಾಗ ಜೊತೆಗಿದ್ದೆ. ಆಮೇಲೆ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲು ಲೈಬ್ರರಿ ಯಾರ ಕೈಕೆಳಗಿದೆ ಅಂತ ತಿಳಿದುಕೊಳ್ಳಿ. ಕರ್ನಾಟಕದ ಗ್ರಾಮ ಪಂಚಾಯತಿ ಲೈಬ್ರರಿಗಳು 2019ರ ತನಕ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದವು. ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗಿವೆ, ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿರುತ್ತದೆ. ಅಂದರೆ ನೀವು ಕೂತು ಮಾತಾಡಬೇಕಾದ್ದು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮತ್ತು ಪಂಚಾಯತಿ ಅಧ್ಯಕ್ಷರ ಜೊತೆ.

ಜತ್ತ, ಅಕ್ಕಲಕೋಟ ಕಡೆಯವರ ಲೆಕ್ಕ ಬೇರೆ. ಮಹಾರಾಷ್ಟ್ರದಲ್ಲಿ 1967ರ ಕಾಯ್ದೆ ಬಂದ ಮೇಲೂ ಹಳ್ಳಿಯ ವಾಚನಾಲಯ ನಡೆಸುವುದು ಊರಿನದೇ ನೋಂದಾಯಿತ ಸಂಸ್ಥೆ. ಅ, ಬ, ಕ, ಡ ಅಂತ ದರ್ಜೆ ನೋಡಿ ಸರ್ಕಾರ ಅನುದಾನ ಕೊಡುತ್ತದೆ, ಗ್ರಂಥಾಲಯ ಕರ ಇಲ್ಲ. ಕರ್ನಾಟಕದಲ್ಲಿ ಉಲ್ಟಾ. 1965ರ ಕಾಯ್ದೆಯಿಂದ ಬಂದ ಕರವನ್ನು ಮನೆ ತೆರಿಗೆಯ ಜೊತೆಗೇ ವಸೂಲು ಮಾಡುತ್ತಾರೆ, ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ‘ದುಡ್ಡೇ ಇಲ್ಲ’ ಅಂತ ಯಾರಾದರೂ ಅಂದರೆ ಆ ಆರು ರೂಪಾಯಿಯ ಸುದ್ದಿ ಎತ್ತಿ.

ಹಾಗಾಗಿ ಕಟ್ಟಡ, ಪುಸ್ತಕ, ಮೇಲ್ವಿಚಾರಕರ ಸಂಬಳ ಮೂರೂ ಪಂಚಾಯತಿಯಲ್ಲೇ ಇರಲಿ. ಸಮಿತಿ ಕೇಳಬೇಕಾದ್ದು ದಿನದಿನದ ಉಸ್ತುವಾರಿ ಮಾತ್ರ. ಎಲ್ಲಾ ನಮಗೇ ಕೊಡಿ ಅಂದರೆ ಪಂಚಾಯತಿಯವರು ಕರೆಂಟ್ ಬಿಲ್ಲನ್ನೂ ಖುಷಿಯಿಂದ ಕೊಟ್ಟುಬಿಡುತ್ತಾರೆ.

ಇನ್ನು ಪುಸ್ತಕಗಳ ಎಣಿಕೆ. ಪೂರ್ತಿ ವ್ಯವಹಾರ ನಿಲ್ಲುವುದೂ ಬೀಳುವುದೂ ಇಲ್ಲೇ. ನಮ್ಮೂರಿನಲ್ಲಿ ಒಳ್ಳೆಯ ಪುಸ್ತಕಗಳೆಲ್ಲ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದವು. ಯಾಕಪ್ಪಾ ಅಂದರೆ ಮೇಲ್ವಿಚಾರಕ, ‘ಅಕ್ಕಾರ, ಒಂದ್ ಪುಸ್ತಕ ಕಳದ್ರ ನನ್ನ ಪಗಾರದಾಗ ಹಿಡಿತಾರ್ರೀ’ ಅಂದ. ಅವನ ಪಗಾರ ಎಷ್ಟಿತ್ತು ಅಂತ ಗೊತ್ತಿದ್ದವರಿಗೆ ಅವನ ಭಯವೂ ಅರ್ಥವಾಗುತ್ತದೆ. ಈ ಭಯ ಹೋಗದೆ ಯಾವ ಸಮಿತಿ ಬಂದರೂ ಕಪಾಟು ತೆಗೆಯುವುದಿಲ್ಲ. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳೇ ಸಾವಿರ ಪುಸ್ತಕ ಓದಲು ಕೊಟ್ಟರೆ ವರ್ಷಕ್ಕೆ ಐದು ಕಳೆಯುವುದು ಸಹಜ ಅಂತ ಒಪ್ಪುತ್ತವೆ. ಪಂಚಾಯತಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ, ಆದರೆ ಪಿಡಿಒ ಎದುರು ಇಡಲು ಒಳ್ಳೆಯ ಮಾತು. ಓದಲು ಕೊಟ್ಟು ಕಳೆದ ಪುಸ್ತಕಕ್ಕೆ ಮೇಲ್ವಿಚಾರಕ ಹೊಣೆಯಲ್ಲ ಅಂತ ಉಸ್ತುವಾರಿ ಒಪ್ಪಿಸುವ ಪಂಚಾಯತಿ ಠರಾವಿನಲ್ಲೇ ಬರೆಸಿ.

ಎಣಿಸುವುದು ಹೀಗೆ. ಅಕ್ಸೆಶನ್ ರಿಜಿಸ್ಟರ್, ಅಂದರೆ ಲೈಬ್ರರಿಗೆ ಬಂದ ಪುಸ್ತಕಗಳನ್ನು ನಂಬರ್ ಕೊಟ್ಟು ಬರೆದಿಟ್ಟ ದಪ್ಪ ಪುಸ್ತಕ, ಹಿಡಿದು ಒಬ್ಬರು ಕೂರಬೇಕು. ಇನ್ನೊಬ್ಬರು ರ‍್ಯಾಕಿನಿಂದ ಒಂದೊಂದೇ ಪುಸ್ತಕ ತೆಗೆದು ನಂಬರ್ ಓದಬೇಕು. ಕೂತವರು ಆ ನಂಬರಿನ ಮುಂದೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಪೆನ್ ಬೇಡ. ಇಲ್ಲ ಅಂದುಕೊಂಡ ಪುಸ್ತಕ ಮರುದಿನ ಯಾರದೋ ಮನೆಯ ಟಿವಿ ಪಕ್ಕದಿಂದ ನಡೆದು ಬರುತ್ತದೆ. ನಂಬರ್ ಅಳಿಸಿ ಹೋಗಿದ್ದರೆ ಒಳಗಿನ ಪುಟ ತಿರುವಿ ನೋಡಿ, ಎಷ್ಟೋ ಲೈಬ್ರರಿಗಳಲ್ಲಿ ಒಂದು ಗುಟ್ಟಿನ ಪುಟದ ಮೇಲೂ ಸೀಲು ಹೊಡೆದು ನಂಬರ್ ಬರೆದಿರುತ್ತಾರೆ. ಗೆದ್ದಲು ಹಿಡಿದದ್ದನ್ನು ಆಗಲೇ ಬೇರೆ ಇಡಿ. ಗೋಡೆಗೆ ಅಂಟಿದ ರ‍್ಯಾಕನ್ನು ಅಂಗೈ ಅಗಲ ಮುಂದಕ್ಕೆ ಎಳೆಯಿರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಇರುವುದು, ರಿಪೇರಿಯದ್ದು, ಇಲ್ಲದ್ದು ಅಂತ ಮೂರು ಪಟ್ಟಿ. ಎರಡು ಪ್ರತಿ ಮಾಡಿ, ಪ್ರತಿ ಪುಟಕ್ಕೂ ಪಿಡಿಒ, ಮೇಲ್ವಿಚಾರಕ, ಸಮಿತಿಯವರ ಸಹಿ ಹಾಕಿಸಿ.

ಠರಾವಿಗೆ ಉದ್ದದ ಭಾಷಣ ಬೇಕಿಲ್ಲ. ಯಾವ ಕೋಣೆ, ಯಾವ ಪಟ್ಟಿಯ ಪುಸ್ತಕ, ಎಷ್ಟು ವರ್ಷ, ಕರೆಂಟ್ ಮತ್ತು ಪೇಪರ್ ಬಿಲ್ಲು ಯಾರದ್ದು, ಸಮಿತಿ ಕೈಬಿಟ್ಟರೆ ವಾಪಸ್ ಹೇಗೆ, ಇಷ್ಟಿದ್ದರೆ ಸಾಕು. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಚುನಾವಣೆ ಆಗಿ ಹೊಸಬರು ಬಂದಾಗ ‘ನಮಗೆ ಗೊತ್ತೇ ಇಲ್ಲ’ ಅನ್ನುವಂತಿರಬಾರದು.

ಸಮಿತಿಗೆ ಊರಿನ ದೊಡ್ಡವರನ್ನೇ ತುಂಬಬೇಡಿ. ದೊಡ್ಡವರು ಉದ್ಘಾಟನೆಗೆ ಬರುತ್ತಾರೆ, ಆಮೇಲೆ ಸಿಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆ, ಒಬ್ಬ ಮೇಷ್ಟ್ರು, ದಿನಾ ಪೇಪರ್ ಓದಲು ಬರುವ ಅಜ್ಜ, ಪೊಲೀಸ್ ಪರೀಕ್ಷೆಗೆ ಓದುತ್ತಿರುವ ಹುಡುಗಿ, ಇಂಥವರು ಬೇಕು. ನಮ್ಮಲ್ಲಿ ಎರಡನೇ ಕೀಲಿ ಎದುರಿನ ಚಹಾ ಅಂಗಡಿಯವರ ಹತ್ತಿರ ಇದೆ. ಬೆಳಗಾಗುವ ಮೊದಲೇ ಅಂಗಡಿ ತೆಗೆಯುವವರು, ಅವರಿಗಿಂತ ಗ್ಯಾರಂಟಿ ಯಾರು ಹೇಳಿ? ಹೊಲದಿಂದ ಬಂದವರಿಗೂ ಶಾಲೆ ಬಿಟ್ಟ ಮಕ್ಕಳಿಗೂ ಸಂಜೆಯೇ ಅನುಕೂಲ. ಮೇಲ್ವಿಚಾರಕ ಹೋದ ಮೇಲೆ ಸಮಿತಿಯವರು ಪಾಳಿ ಹಾಕಿಕೊಂಡು ತೆರೆದಿಡಲಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಿಂದ ಮಕ್ಕಳ ಸದಸ್ಯತ್ವ ಉಚಿತ, ಅವರಿಂದ ಫೀ ಎತ್ತಬೇಡಿ.

ವಂತಿಗೆ ಜಾಸ್ತಿ ಬರುವ ಹಾಗಿದ್ದರೆ ಸಂಘ ನೋಂದಾಯಿಸಿ. ಕರ್ನಾಟಕದ ಕಾಯ್ದೆಯಂತೆ ಕನಿಷ್ಠ ಏಳು ಜನ ಬೇಕು. ಬ್ಯಾಂಕ್ ಖಾತೆಗೆ ಎರಡು ಸಹಿ ಇರಲಿ, ಎರಡೂ ಊರಲ್ಲಿರುವವರದ್ದು. ನಾವು ಪುಣೆಯಲ್ಲಿ ಕೂತವರು ಸಹಿ ಇಟ್ಟುಕೊಂಡರೆ ಬಲ್ಬು ತರಲೂ ಅವರು ನಮ್ಮ ಫೋನಿಗೆ ಕಾಯಬೇಕಾಗುತ್ತದೆ.

ಪಂಚಗಣಿ ಹತ್ತಿರದ ಭಿಲಾರ್ ನೋಡಿ ಬಂದವರಿಗೆ ತಮ್ಮೂರನ್ನೂ ಪುಸ್ತಕದ ಊರು ಮಾಡುವ ಹುಮ್ಮಸ್ಸು ಬರುತ್ತದೆ. 2017ರಲ್ಲಿ ಅದನ್ನು ಶುರು ಮಾಡಿದ್ದು ಮಹಾರಾಷ್ಟ್ರ ಸರ್ಕಾರ, ಪ್ರವಾಸಿಗಳೂ ಓಡಾಡುವ ಜಾಗ. ನಮ್ಮ ಕಡೆ ಅಷ್ಟೆಲ್ಲ ಆಗದು. ಆದರೆ ಅಲ್ಲಿ ಮನೆಗಳ ಪಡಸಾಲೆಯಲ್ಲೇ ಪುಸ್ತಕ ಇಟ್ಟಿದ್ದಾರಲ್ವಾ, ಅದನ್ನು ತೆಗೆದುಕೊಳ್ಳಬಹುದು. ಲೈಬ್ರರಿ ದೂರ ಇರುವ ಓಣಿಗೆ, ತೋಟದ ವಸತಿಗೆ, ಒಂದು ಟ್ರಂಕ್ ಮಕ್ಕಳ ಪುಸ್ತಕ ಒಬ್ಬರ ಮನೆಯಲ್ಲಿ.

ಪುಸ್ತಕ ದಾನ ಕೊನೆಗೆ. ಸ್ವಾರ್ಗೇಟಿನಲ್ಲಿ ವಿಜಯಪುರದ ಬಸ್ಸಿಗೆ ಗೋಣಿಚೀಲ ಏರಿಸುವ ಮೊದಲು ಮೇಲ್ವಿಚಾರಕನಿಂದ ಬೇಕಾದ್ದರ ಪಟ್ಟಿ ತರಿಸಿಕೊಳ್ಳಿ. ನಮಗೆ ಬಂದ ಪಟ್ಟಿಯಲ್ಲಿ ಜಾಸ್ತಿ ಇದ್ದದ್ದು ಸ್ಪರ್ಧಾತ್ಮಕ ಪರೀಕ್ಷೆಯ ಹೊಸ ಪುಸ್ತಕ, ಚಿತ್ರ ಇರುವ ಮಕ್ಕಳ ಕಥೆ. ನಿಮ್ಮ ಮಗನ ಹಳೆಯ ಇಂಜಿನಿಯರಿಂಗ್ ಗೈಡುಗಳನ್ನು ಯಾರೂ ಕೇಳಿರಲಿಲ್ಲ. ಅವನ್ನು ಇಲ್ಲೇ ರದ್ದಿಯವನಿಗೆ ಹಾಕಿ, ಬಂದ ದುಡ್ಡನ್ನು ಸಮಿತಿಯ ಖಾತೆಗೆ ಕಳಿಸಿ.